ಕುಸ್ಸೆಮೆತ್ ಎಂದರೆ ಯಾವ ಕಾಳು?

ಹೀಬ್ರೂ ಬೈಬಲಿನಲ್ಲಿ ‘ಕುಸ್ಸೆಮೆತ್’ ಎಂಬ ಒಂದು ಧಾನ್ಯದ ಹೆಸರು ಬರುತ್ತದೆ. ಅಷ್ಟು ದೊಡ್ಡ ಗ್ರಂಥದಲ್ಲಿ ಅದು ತಲೆ ತೋರಿಸುವುದು ಮೂರೇ ಸಲ. ಗೋದಿಗೂ ದ್ರಾಕ್ಷಿಗೂ ಅಂಜೂರಕ್ಕೂ ಅಲ್ಲಿರುವ ಪ್ರತಿಷ್ಠೆ ಇದಕ್ಕಿಲ್ಲ. ಇದನ್ನು ಕುರಿತು ಯಾವ ಪ್ರವಾದಿಯೂ ಹಾಡಿಲ್ಲ, ಯಾವ ದೃಷ್ಟಾಂತದಲ್ಲಿಯೂ ಇದು ನಾಯಕನ ಪಾತ್ರವನ್ನು ವಹಿಸಿಲ್ಲ. ಆದರೂ ಈ ಚಿಕ್ಕ ಪದ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಭಾಷಾಂತರಕಾರರನ್ನು ಸತಾಯಿಸಿದೆ. ಅದರ ಅರ್ಥವನ್ನು ನಿಶ್ಚಯಿಸಲು ಯುರೋಪಿನ ವಿದ್ವಾಂಸರು ಗ್ರಂಥಾಲಯಗಳಲ್ಲಿ ತಡಕಾಡಿದರು, ಈಜಿಪ್ಟಿನ ಗೋರಿಗಳನ್ನು ಅಗೆದರು. ಅವರು ಕಂಡುಕೊಂಡ ಉತ್ತರ ಮಾತ್ರ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರೈತರಿಗೆ ಹೊಸದಲ್ಲ. ಅದು ಅವರ ಹೊಲದಲ್ಲಿ ಬೆಳೆಯುತ್ತದೆ, ಹಬ್ಬದ ದಿನ ಹುಗ್ಗಿಯಾಗಿ ಎಲೆಗೆ ಬರುತ್ತದೆ. ಈ ಸಂಬಂಧವನ್ನು ಕೊಂಚ ಬಿಡಿಸಿ ಹೇಳಬೇಕೆಂಬುದು ಈ ಭಾಷಣದ ಉದ್ದೇಶ.

ಮೊದಲು ಆ ಮೂರು ಸಂದರ್ಭಗಳನ್ನು ನೋಡೋಣ. ಮೊದಲನೆಯದು ವಿಮೋಚನಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿದೆ. ಇಸ್ರಾಯೇಲರನ್ನು ಬಿಡಲೊಲ್ಲದ ಫರೋಹನ ದೇಶದ ಮೇಲೆ ಆಲಿಕಲ್ಲಿನ ಮಳೆ ಸುರಿಯುತ್ತದೆ. ಅಗಸೆ ಮೊಗ್ಗೊಡೆದಿತ್ತು, ಜವೆ ತೆನೆಗಟ್ಟಿತ್ತು, ಎರಡೂ ಹಾಳಾದವು. ಗೋದಿಯೂ ಕುಸ್ಸೆಮೆತ್ತೂ ತಡವಾಗಿ ಬರುವ ಪೈರುಗಳಾದುದರಿಂದ ಉಳಿದುಕೊಂಡವು. ಎರಡನೆಯದು ಯೆಶಾಯನ ಇಪ್ಪತ್ತೆಂಟನೆಯ ಅಧ್ಯಾಯ. ತಿಳಿವಳಿಕೆಯುಳ್ಳ ಒಕ್ಕಲಿಗನು ಹೊಲವನ್ನು ಹದಗೊಳಿಸಿ ಕರಿಜೀರಿಗೆ, ಜೀರಿಗೆಗಳನ್ನು ಚೆಲ್ಲುತ್ತಾನೆ. ಗೋದಿಯನ್ನೂ ಜವೆಯನ್ನೂ ಅವುಗಳ ಜಾಗದಲ್ಲಿ ಬಿತ್ತುತ್ತಾನೆ. ಕುಸ್ಸೆಮೆತ್ತನ್ನು ಅಂಚಿಗೆ ಹಾಕುತ್ತಾನೆ. ಮೂರನೆಯದು ಯೆಹೆಜ್ಕೇಲನ ನಾಲ್ಕನೆಯ ಅಧ್ಯಾಯ. ಜೆರೂಸಲೇಮಿಗೆ ಮುತ್ತಿಗೆ ಬೀಳಲಿದೆ ಎಂಬುದರ ಸಂಕೇತವಾಗಿ ಪ್ರವಾದಿಯು ಗೋದಿ, ಜವೆ, ಅವರೆಯ ಜಾತಿಯ ಕಾಳು, ಚನ್ನಂಗಿಬೇಳೆ, ಒಂದು ಕಿರುಧಾನ್ಯ, ಕುಸ್ಸೆಮೆತ್ ಇವೆಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ರೊಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಯಾವ ಒಂದು ಕಾಳೂ ಸಾಕಷ್ಟು ಸಿಕ್ಕದ ಊರಿನ ರೊಟ್ಟಿ ಅದು. ಇಂದು ಅಮೆರಿಕದಲ್ಲಿ ಇದೇ ವಚನದ ಹೆಸರನ್ನಿಟ್ಟು ಆರೋಗ್ಯದ ರೊಟ್ಟಿಯೆಂದು ಮಾರುತ್ತಾರೆ. ಮುತ್ತಿಗೆಯ ಕೂಳು ಉಳ್ಳವರ ಪಥ್ಯವಾದ ಬಗೆಯನ್ನು ಕಂಡು ಪ್ರವಾದಿ ಏನೆನ್ನುತ್ತಿದ್ದನೋ!

ಈ ಮೂರು ವಾಕ್ಯಗಳಿಂದ ನಮಗೆ ದೊರೆಯುವ ಸಾಕ್ಷ್ಯವಿಷ್ಟು. ಕುಸ್ಸೆಮೆತ್ ರೊಟ್ಟಿಗೆ ಒದಗುವ ಧಾನ್ಯ. ಅದು ಈಜಿಪ್ಟಿನಲ್ಲಿ ಬೆಳೆಯುತ್ತಿತ್ತು. ಗೋದಿಯ ಜೊತೆಗೇ, ಜವೆಗಿಂತ ತಡವಾಗಿ ಮಾಗುತ್ತಿತ್ತು. ಹೊಲದ ಅಂಚಿನಲ್ಲಿ ಅದನ್ನು ಬಿತ್ತುವ ರೂಢಿಯೂ ಇತ್ತು.

ಇಷ್ಟನ್ನು ಕೈಯಲ್ಲಿ ಹಿಡಿದುಕೊಂಡು ಭಾಷಾಂತರಕಾರರು ಏನು ಮಾಡಿದರು? ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಈಜಿಪ್ಟಿನಲ್ಲಿ ರೂಪುಗೊಳ್ಳತೊಡಗಿದ ಗ್ರೀಕ್ ಅನುವಾದದಲ್ಲಿ ಎರಡು ಕಡೆ ‘ಓಲಿರಾ’ ಎಂದೂ ಒಂದು ಕಡೆ ‘ಜೇಯಾ’ ಎಂದೂ ಇದೆ. ಸುಮಾರು ಕ್ರಿ.ಶ. 400ರಲ್ಲಿ ಲ್ಯಾಟಿನ್ ಬೈಬಲನ್ನು ಸಿದ್ಧಪಡಿಸಿದ ಜೆರೋಮನು ವಿಮೋಚನಕಾಂಡದಲ್ಲಿ ‘ಫಾರ್’ ಎಂದು ಹೊಟ್ಟುಗೋದಿಯ ಹೆಸರನ್ನಿಟ್ಟನು; ಪ್ರವಾದಿಗಳ ಗ್ರಂಥಗಳಿಗೆ ಬಂದಾಗ, ಏಕೋ, ‘ವಿಕಿಯಾ’ ಎಂಬ ಮೇವಿನ ಕಾಳಿಗೆ ಇಳಿದನು. ಹನ್ನೊಂದನೆಯ ಶತಮಾನದ ಫ್ರಾನ್ಸಿನಲ್ಲಿದ್ದ ಯೆಹೂದಿ ವ್ಯಾಖ್ಯಾನಕಾರ ರಾಶಿಯು ತನ್ನ ನೆರೆಹೊರೆಯ ಫ್ರೆಂಚ್ ಮಾತಿನಲ್ಲಿ ಅದನ್ನು ‘ಎಸ್ಪೆಲ್ಟಾ’ ಎಂದನು; ಇಂಗ್ಲಿಷಿನ ಸ್ಪೆಲ್ಟ್ ಗೋದಿ ಅದೇ. 1611ರ ಇಂಗ್ಲಿಷ್ ಬೈಬಲಿನ ಪಂಡಿತರು ಎರಡು ಕಡೆ ‘ರೈ’ ಎಂದರು, ಮೂರನೆಯ ಕಡೆ ಜೆರೋಮನ ದಾರಿ ಹಿಡಿದು ಮೇವಿನ ಕಾಳೆಂದರು. ರೈ ಧಾನ್ಯ ಶೀತದೇಶಗಳದು, ಪ್ರಾಚೀನ ಈಜಿಪ್ಟಿನ ಬೆಳೆಯಲ್ಲ. ಇಂಗ್ಲೆಂಡಿನ ಬಡವನ ರೊಟ್ಟಿ ರೈಯದಾಗಿದ್ದುದರಿಂದ ಅದು ನೈಲ್ ನದಿಯ ದಂಡೆಗೂ ಹೋಗಿ ಬೇರೂರಿತು. ಇವರಲ್ಲಿ ಯಾರನ್ನೂ ಅಜ್ಞಾನಿಗಳೆಂದು ಹಳಿಯಬೇಕಾಗಿಲ್ಲ. ಪರಭಾಷೆಯ ಕಾಳನ್ನು ಕಾಣದವನು ತನ್ನ ಕಣಜದಲ್ಲಿ ಕೈಯಾಡಿಸಿ ಸಿಕ್ಕಿದ್ದನ್ನು ಕೊಡುತ್ತಾನೆ. ಎಲ್ಲ ಕಾಲದ ಅನುವಾದಕರೂ ಹೀಗೆಯೇ ಮಾಡಿದ್ದಾರೆ.

ತೊಡಕನ್ನು ಬಿಡಿಸಿದ್ದು ಈಜಿಪ್ಟ್. ಕ್ರಿಸ್ತಪೂರ್ವ ಐದನೆಯ ಶತಮಾನದ ಹೆರೊಡೋಟಸನು ಈಜಿಪ್ಟಿನವರು ಗೋದಿ, ಜವೆಗಳನ್ನು ನೆಚ್ಚಿ ಬದುಕುವುದನ್ನು ಹೀನವೆಂದು ಭಾವಿಸುತ್ತಾರೆ, ಓಲಿರಾದಿಂದ ರೊಟ್ಟಿ ಮಾಡುತ್ತಾರೆ, ಇದನ್ನೇ ಕೆಲವರು ಜೇಯಾ ಎನ್ನುತ್ತಾರೆ ಎಂದು ಬರೆದಿಟ್ಟಿದ್ದಾನೆ. ಗ್ರೀಕ್ ಬೈಬಲಿನ ಎರಡು ಹೆಸರುಗಳೂ ಇಲ್ಲಿ ಒಂದಾಗುತ್ತವೆ. ಹಾಗಾದರೆ ಓಲಿರಾ ಯಾವುದು? ಗೋರಿಗಳಲ್ಲಿ, ಹಾಳುಬಿದ್ದ ಊರುಗಳಲ್ಲಿ ಸಿಕ್ಕ ಕಾಳುಗಳನ್ನು ಸಸ್ಯವಿಜ್ಞಾನಿಗಳು ಪರೀಕ್ಷಿಸಿದರು. 1922ರಲ್ಲಿ ತೆರೆದ ತುತಾಂಖಾಮೆನನ ಗೋರಿಯಲ್ಲಿ ಅರಸನ ಪರಲೋಕಯಾತ್ರೆಗೆಂದು ಇಟ್ಟ ಧಾನ್ಯವೂ ಇತ್ತು. ಫರೋಹರ ಕಾಲದ ಗೋದಿಯೆಂದರೆ ಪ್ರಧಾನವಾಗಿ ಒಂದೇ ಜಾತಿ: ಇಂಗ್ಲಿಷಿನಲ್ಲಿ ಎಮ್ಮರ್ ಎಂದೂ ಶಾಸ್ತ್ರೀಯವಾಗಿ ಟ್ರಿಟಿಕಮ್ ಡೈಕಾಕಮ್ ಎಂದೂ ಕರೆಯುವ ಹೊಟ್ಟುಗೋದಿ. ಅಲೆಗ್ಸಾಂಡರನ ತರುವಾಯ ಗ್ರೀಕರ ಆಳ್ವಿಕೆ ಬಂದ ಮೇಲೆಯೇ ಬಡಿದರೆ ಉದುರುವ ಗೋದಿ ಅದನ್ನು ಹಿಂದೆ ಹಾಕಿದ್ದು. ಸ್ಪೆಲ್ಟ್ ಅಲ್ಲಿನ ಬೆಳೆಯಾಗಿರಲಿಲ್ಲ. ಎಮ್ಮರಿನ ಜೀವಕೋಶದಲ್ಲಿ 28 ವರ್ಣತಂತುಗಳು, ಸ್ಪೆಲ್ಟಿನಲ್ಲಿ 42. ಹೊರಗಿನಿಂದ ಅಕ್ಕತಂಗಿಯರಂತೆ ಕಂಡರೂ ಇವು ಬೇರೆ ಬೇರೆ ಜಾತಿಗಳು.

ಇದಕ್ಕೆ ಭಾಷೆಯ ಬೆಂಬಲವೂ ಉಂಟು. ವಿಮೋಚನಕಾಂಡದ ಅರಮಾಯಿಕ್ ಅನುವಾದದಲ್ಲಿ ಕುಸ್ಸೆಮೆತ್ತಿಗೆ ‘ಕುನ್ನಾಥಾ’ ಎಂಬ ಪದವಿದೆ. ಬಾಬಿಲೋನಿಯದ ಅಕ್ಕಾಡಿಯನ್ ಭಾಷೆಯಲ್ಲಿ ಎಮ್ಮರಿಗೆ ‘ಕುನಾಶು’ ಎಂದು ಹೆಸರು. ಇನ್ನು ಮೂಲಧಾತುವಿನ ವಿಚಾರ. ಯೆಹೆಜ್ಕೇಲನ ನಲವತ್ತನಾಲ್ಕನೆಯ ಅಧ್ಯಾಯದಲ್ಲಿ ಯಾಜಕರು ತಲೆಗೂದಲನ್ನು ಕತ್ತರಿಸಿಕೊಳ್ಳಬೇಕೆಂಬ ವಿಧಿಯಿದೆ. ಅಲ್ಲಿಯ ಕ್ರಿಯಾಪದ ‘ಕಾಸಮ್’. ಕುಸ್ಸೆಮೆತ್ ಆ ಧಾತುವಿನಿಂದಲೇ ಹುಟ್ಟಿತೆಂದು ಕೋಶಕಾರರು ಸೂಚಿಸಿದ್ದುಂಟು. ಆಕರ್ಷಕವಾದ ಊಹೆ, ಆದರೆ ನನಗೆ ಒಪ್ಪಿಗೆಯಾಗಿಲ್ಲ. ಎಮ್ಮರ್ ತೆನೆಗೆ ಉದ್ದನೆಯ ಮುಳ್ಳುಕೂದಲಿರುತ್ತದೆ. ಅದನ್ನು ತಲೆ ಬೋಳಿಸಿದ ಧಾನ್ಯವೆನ್ನಲು ಯಾವ ರೈತನ ನಾಲಗೆಯೂ ಏಳಲಾರದು. ಏನೇ ಇರಲಿ, ಬೈಬಲಿನ ಸಸ್ಯಗಳ ಮೇಲೆ ಅಧಿಕಾರವಾಣಿಯಿಂದ ಬರೆದ ಇಸ್ರೇಲಿನ ಯೆಹೂದಾ ಫೆಲಿಕ್ಸ್ ಅವರೂ ಕುಸ್ಸೆಮೆತ್ ಎಂದರೆ ಎಮ್ಮರೆಂದೇ ನಿರ್ಣಯಿಸಿದ್ದಾರೆ. ಎಮ್ಮರಿನ ಕಾಡುಮೂಲ ಆ ಪ್ರದೇಶದ್ದೇ. 1906ರಲ್ಲಿ ಆರನ್ ಆರನ್‌ಸೋನ್ ಎಂಬ ಕೃಷಿವಿಜ್ಞಾನಿ ಗಲಿಲಾಯದ ರೋಶ್ ಪಿನ್ನಾದಲ್ಲಿ ಅದನ್ನು ಬಂಡೆಗಳ ಸಂದಿಯಲ್ಲಿ ಕಂಡನು.

ಈಗ ಘಟಪ್ರಭೆಯ ದಂಡೆಗೆ ಬರೋಣ. ನಮ್ಮ ಸೀಮೆಯಲ್ಲಿ ‘ಸದಕ’ ಎಂದೊಂದು ಗೋದಿಯಿದೆ. ಕೆಲವು ಊರುಗಳಲ್ಲಿ ಅದನ್ನು ‘ಜವಿ ಗೋದಿ’ ಎನ್ನುತ್ತಾರೆ. ಮರಾಠಿಯ ಬಳಕೆ ಹೆಚ್ಚಿರುವಲ್ಲಿ ‘ಖಪಲಿ’ ಎನ್ನುತ್ತಾರೆ. ಮರಾಠಿಯಲ್ಲಿ ಖಪಲಿಯೆಂದರೆ ಗಾಯದ ಮೇಲೆ ಕಟ್ಟುವ ಹಕ್ಕಳೆ. ಕಾಳಿಗೆ ಬಿಡದೆ ಕಚ್ಚಿಕೊಂಡ ಸಿಪ್ಪೆಗೆ ಇದಕ್ಕಿಂತ ಒಪ್ಪುವ ಉಪಮೆ ಬೇರೆ ಬೇಕೆ? ಈ ಸದಕವೇ ಟ್ರಿಟಿಕಮ್ ಡೈಕಾಕಮ್. ಲೋಕದಲ್ಲಿ ಬಹುಕಡೆ ಅಳಿದುಹೋದ ಈ ಪುರಾತನ ಗೋದಿ ಇಥಿಯೋಪಿಯ, ಇಟಲಿ, ಟರ್ಕಿ ಮೊದಲಾದ ಕೆಲವೇ ನಾಡುಗಳಲ್ಲಿ ಉಳಿದಿದೆ. ಭಾರತದಲ್ಲಿ ಉತ್ತರ ಕರ್ನಾಟಕ, ದಕ್ಷಿಣ ಮಹಾರಾಷ್ಟ್ರ, ಗುಜರಾತಿನ ಕೆಲವು ಭಾಗ, ತಮಿಳುನಾಡಿನ ಕೆಲವು ಭಾಗಗಳಲ್ಲಿ ಉಳಿದಿದೆ. ಇದಕ್ಕೆ ಹಿಂಗಾರಿಯ ತಂಪೂ ಬೇಕು, ನೀರೂ ಬೇಕು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಮತ್ತು ಅದಕ್ಕಿಂತ ಹಳೆಯದಾದ ಧೂಪದಾಳದ ಒಡ್ಡಿನ ಕಾಲುವೆಗಳು ಹರಿಯುವ ಈ ಕರಿಮಣ್ಣಿನಲ್ಲಿ ಎರಡೂ ಅದಕ್ಕೆ ದೊರೆತವು.

ಸದಕದ ಗುಟ್ಟೆಲ್ಲ ಅದರ ಹೊಟ್ಟಿನಲ್ಲಿದೆ. ಸಾಮಾನ್ಯ ಗೋದಿಯನ್ನು ಕಣದಲ್ಲಿ ತುಳಿಸಿದರೆ ಕಾಳು ಬೇರೆ, ಹೊಟ್ಟು ಬೇರೆ ಆಗುತ್ತವೆ. ಸದಕವನ್ನು ಎಷ್ಟು ತುಳಿಸಿದರೂ ತೆನೆ ಮುರಿದು ತುಂಡಾಗುತ್ತದೆಯೇ ಹೊರತು ಕಾಳು ಹೊರಗೆ ಬರುವುದಿಲ್ಲ. ಒಂದೊಂದು ತುಂಡಿನೊಳಗೆ ಎರಡು ಕಾಳು ಜೋಡಿಯಾಗಿ ಅಡಗಿರುತ್ತವೆ. ‘ಡೈಕಾಕಮ್’ ಎಂಬ ಹೆಸರಿನ ಅರ್ಥವೂ ಅದೇ, ಇಗ್ಗಾಳಿನದು ಎಂದು. ಮೂಡಲಗಿಯ ಹತ್ತಿರದ ಒಂದು ಹಳ್ಳಿಯಲ್ಲಿ ಸದಕ ಕುಟ್ಟುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬಳನ್ನು, “ಯವ್ವಾ, ಇದನ್ನ ಕಣದಾಗ ಯಾಕ ಹಸನ ಮಾಡ್ಕೊಂಡು ಬರಂಗಿಲ್ಲ?” ಎಂದು ಕೇಳಿದ್ದೆ. “ಅದು ಕಣಕ್ಕ ಬಗ್ಗೂ ಕಾಳ ಅಲ್ಲರೀ ಸರ. ನೀರ ಚಿಮಕಿಸಿ, ತುಸು ಹೊತ್ತ ಬಿಟ್ಟು, ಒನಕಿಲೆ ಕುಟ್ಟಿದರನ ಅಂಗಿ ಬಿಚ್ಚತೈತಿ” ಎಂದಳು. ಧಾನ್ಯ ಅಂಗಿ ಬಿಚ್ಚುವುದೆಂಬ ಮಾತನ್ನು ನಾನು ಯಾವ ಕೋಶದಲ್ಲಿಯೂ ಕಂಡಿರಲಿಲ್ಲ.

ಈ ನೀರು ಚಿಮುಕಿಸುವ ಕ್ರಮವನ್ನು ಕೇಳುಗರು ನೆನಪಿನಲ್ಲಿಡಬೇಕು. ಈಜಿಪ್ಟಿನ ಚಿತ್ರಗಳಲ್ಲಿ ಒರಳಿನ ಮುಂದೆ ಒನಕೆ ಹಿಡಿದು ನಿಂತವರು ಕಾಣಿಸುತ್ತಾರೆ. ಅಮಾರ್ನಾದ ಕೂಲಿಕಾರರ ಹಳ್ಳಿಯ ಮನೆಗಳಲ್ಲಿ ನೆಲಕ್ಕೆ ಹೂತ ಕಲ್ಲಿನ ಒರಳುಗಳೇ ಸಿಕ್ಕಿವೆ. ಡೆಲ್ವೆನ್ ಸ್ಯಾಮ್ಯುಯೆಲ್ ಎಂಬ ವಿದುಷಿ 1990ರ ದಶಕದಲ್ಲಿ ಅಂಥ ಒರಳಿನಲ್ಲಿ ಎಮ್ಮರನ್ನು ಕುಟ್ಟಿ ನೋಡಿದರು. ಒಣಗಿದ್ದನ್ನು ಕುಟ್ಟಿದರೆ ಕಾಳು ನುಚ್ಚಾಗುತ್ತದೆ. ಸ್ವಲ್ಪ ನೀರು ಸೋಂಕಿಸಿ ಕುಟ್ಟಿದರೆ ಸಿಪ್ಪೆ ಮೆತ್ತಗಾಗಿ ಕಳಚುತ್ತದೆ, ಕಾಳು ಇಡಿಯಾಗಿ ಉಳಿಯುತ್ತದೆ. ಫರೋಹನ ಕಾಲದ ಅಡುಗೆಮನೆಯ ಬಗೆಗೆ ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟವಾದ ಈ ತೀರ್ಮಾನವನ್ನು ನಮ್ಮ ಹೆಣ್ಣುಮಕ್ಕಳು ತಮ್ಮ ತಾಯಂದಿರಿಂದಲೇ ಕಲಿತಿದ್ದರು. ಇದರಿಂದ ನಮ್ಮವರು ಈಜಿಪ್ಟಿನಿಂದ ಬಂದವರೆಂದು ಯಾರೂ ಹಿಗ್ಗಬೇಕಾಗಿಲ್ಲ. ಕಾಳಿನ ಸ್ವಭಾವ ಒಂದೇ ಆದರೆ ಕೈಯ ಬುದ್ಧಿಯೂ ಒಂದೇ ದಾರಿಯನ್ನು ಹಿಡಿಯುತ್ತದೆ.

ಕುಟ್ಟಿದ ಸದಕದಿಂದ ಏನೇನು ಆಗುತ್ತದೆಂಬುದನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಬೆಲ್ಲ, ಗಸಗಸೆ, ಕೊಬ್ಬರಿ ಬಿದ್ದ ಹುಗ್ಗಿ, ಅದರ ಮೇಲೆ ಎರೆದ ತುಪ್ಪ, ಮಾದಲಿ, ಸಜ್ಜಕ, ಮಣೆಯ ಮೇಲೆ ಹೊಸೆದ ಶಾವಿಗೆ. ಬೇಯಿಸಿದರೆ ಸದಕದ ಕಾಳು ಅರಳುತ್ತದೆ, ಕರಗಿ ಅಂಟಾಗುವುದಿಲ್ಲ. ಅದರ ರುಚಿಯನ್ನು ಬಲ್ಲವರಿಗೆ ಬೇರೆ ಗೋದಿಯ ಹುಗ್ಗಿ ಸಪ್ಪೆಯೆನಿಸುತ್ತದೆ. ಇತ್ತೀಚೆಗೆ ಇದನ್ನು ಸಕ್ಕರೆ ರೋಗದವರ ಗೋದಿಯೆಂದು ಕರೆಯುವ ರೂಢಿ ಬಂದಿದೆ. ಮೆಲ್ಲಗೆ ಜೀರ್ಣವಾಗುವ ಗುಣ ಇದಕ್ಕಿದೆಯೆಂದು ಆಹಾರತಜ್ಞರು ಹೇಳುತ್ತಾರೆ. ಆದರೆ ಮೂರು ಬಟ್ಟಲು ಹುಗ್ಗಿಯನ್ನು ಬೆಲ್ಲದೊಡನೆ ಉಂಡು, ಗೋದಿ ಸದಕದ್ದು ಎಂದು ವೈದ್ಯರ ಮುಂದೆ ವಾದಿಸುವವರನ್ನು ಆ ಗುಣವೂ ಕಾಪಾಡಲಾರದು.

ಯೆಶಾಯನ ಅಂಚಿನ ವಿಷಯವನ್ನು ಕುರಿತು ಒಂದು ಮಾತು. ಒಳ್ಳೆಯ ಧಾನ್ಯವನ್ನು ಹೊಲದ ಅಂಚಿಗೇಕೆ ಹಾಕಬೇಕೆಂದು ಕೆಲವು ವ್ಯಾಖ್ಯಾನಕಾರರು ಬೆರಗಾಗಿದ್ದಾರೆ. ನಮ್ಮ ಕಡೆಯ ಬಿಳಿಜೋಳದ ಹೊಲಗಳನ್ನು ನೋಡಿದವರಿಗೆ ಬೆರಗಿಲ್ಲ. ಜೋಳದ ಸುತ್ತ ಕುಸುಬಿಯ ಸಾಲುಗಳನ್ನು ಬಿತ್ತುತ್ತಾರೆ. ಅದರ ಮುಳ್ಳಿಗೆ ಅಂಜಿ ದನಗಳು ಒಳಗೆ ಬಾಯಿ ಹಾಕುವುದಿಲ್ಲ. ಮುಳ್ಳುಕೂದಲಿನ, ಬಿರುಸು ಹೊಟ್ಟಿನ ಕುಸ್ಸೆಮೆತ್ತೂ ಅಲ್ಲಿ ಬೇಲಿಯ ಕೆಲಸವನ್ನು ಮಾಡಿರಬಹುದು. ಹಾಗೆಂದು ‘ಕುಸ್ಸೆಮೆತ್’, ‘ಕುಸುಬೆ’ ಎಂಬ ಎರಡು ಶಬ್ದಗಳ ಸಾದೃಶ್ಯವನ್ನು ಕಂಡು ಯಾರೂ ಲೇಖನಿ ಎತ್ತಿಕೊಳ್ಳಬಾರದು! ಕುಸುಬೆ ಸಂಸ್ಕೃತದ ‘ಕುಸುಂಭ’ದ ತದ್ಭವ, ಎಣ್ಣೆಕಾಳು, ಗೋದಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ಕನ್ನಡ ಬೈಬಲಿನ ಪ್ರಶ್ನೆ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು, ಆಮೇಲೆ ಪರಿಷ್ಕರಣಗಳಾದವು. ಕನ್ನಡ ಗದ್ಯಕ್ಕೆ ಅದರಿಂದಾದ ಉಪಕಾರ ಸಣ್ಣದಲ್ಲ. ನಾಡಿನ ಕ್ರೈಸ್ತರು ಬಹುಕಾಲದಿಂದ ಓದುತ್ತ ಬಂದಿರುವ ಆ ಪಾಠದಲ್ಲಿ ಬಾರ್ಲಿಗೆ ‘ಜವೆಗೋದಿ’ ಎಂಬ ಮಾತಿದೆ. ರೂತಳು ಬೇತ್ಲೆಹೇಮಿನಲ್ಲಿ ಹಕ್ಕಲಾಯುವುದು ಜವೆಗೋದಿಯ ಸುಗ್ಗಿಯಲ್ಲಿ. ಸಹಸ್ರಾರು ಜನರ ಹಸಿವನ್ನು ಹಿಂಗಿಸಿದ ಐದು ರೊಟ್ಟಿಗಳೂ ಜವೆಗೋದಿಯವು. ಅನುವಾದಕರು ತಪ್ಪಲಿಲ್ಲ. ‘ಜವೆ’ ಸಂಸ್ಕೃತದ ‘ಯವ’, ಯವವೆಂದರೆ ಬಾರ್ಲಿಯೇ. ಗ್ರಾಂಥಿಕವಾಗಿ ಅವರ ಪದ ನಿರ್ದುಷ್ಟ.

ತೊಂದರೆ ಇರುವುದು ಆಡುಮಾತಿನಲ್ಲಿ. ಗೋಕಾಕ ಸೀಮೆಯ ರೈತ ‘ಜವಿ ಗೋದಿ’ ಎಂದಾಗ ಅವನ ಮನಸ್ಸಿನಲ್ಲಿರುವುದು ಬಾರ್ಲಿಯಲ್ಲ, ಸದಕ. ಬಾರ್ಲಿಯನ್ನು ಅವನು ಬೆಳೆದೂ ಇಲ್ಲ. ಜ್ವರ ಬಂದಾಗ ಅಂಗಡಿಯಿಂದ ತರುವ ಬಿಳಿಯ ಕಾಳು ಅವನಿಗೆ ಬಾರ್ಲಿ. ಹೆಸರು ಹೀಗೆ ಜಾರಿದ್ದು ಏಕೆಂಬುದಕ್ಕೆ ನನ್ನ ಸಮಾಧಾನ ಇಷ್ಟು: ಯವಕ್ಕೂ ಸದಕಕ್ಕೂ ಸಿಪ್ಪೆ ಕಾಳನ್ನು ಬಿಡುವುದಿಲ್ಲ, ಎರಡರ ತೆನೆಯೂ ಚಪ್ಪಟೆ, ಮುಳ್ಳುಕೂದಲೂ ಅದೇ ಬಗೆ. ಯವದಂತಿರುವ ಗೋದಿ ಜವೆಗೋದಿಯಾಯಿತು.

ಈ ಅರ್ಥವನ್ನಿಟ್ಟುಕೊಂಡು ವಿಮೋಚನಕಾಂಡದ ಆ ವಾಕ್ಯವನ್ನು ಇನ್ನೊಮ್ಮೆ ಓದಿ ನೋಡಿ. ಆಲಿಕಲ್ಲಿಗೆ ಸಿಕ್ಕಿ ಹಾಳಾದದ್ದು ಜವೆಗೋದಿ ಎಂದರೆ ಹುಕ್ಕೇರಿಯ ಓದುಗನಿಗೆ ಸದಕ ಹಾಳಾಯಿತೆಂದು ಅರ್ಥವಾಗುತ್ತದೆ. ಮೂಲದಲ್ಲಿರುವುದು ಇದಕ್ಕೆ ನೇರ ವಿರುದ್ಧ: ಉಳಿದದ್ದೇ ಸದಕ! ಅಕ್ಷರಶಃ ಸರಿಯಾದ ಅನುವಾದ ಮೂರು ತಾಲೂಕುಗಳ ಮಟ್ಟಿಗೆ ತಲೆಕೆಳಗಾಗಿ ನಿಲ್ಲುತ್ತದೆ. ಅದೂ ಎಂಥ ಜಾಗದಲ್ಲಿ? ಆ ವಾಕ್ಯದ ಸ್ವಾರಸ್ಯವೆಲ್ಲ ಬೆಳೆಗಳ ಕಾಲಭೇದದಲ್ಲಿದೆ. ಮುಂಗಡ ಬಂದ ಪೈರು ತೆನೆ ಹೊತ್ತು ನಿಂತಾಗ ಕಲ್ಲಿನ ಮಳೆ ಬಿದ್ದರೆ ಮುರಿದು ಬೀಳುತ್ತದೆ. ಇನ್ನೂ ಎಳೆಯದಾಗಿ ಬಾಗಬಲ್ಲ ಪೈರು ತಲೆಯೆತ್ತಿಕೊಳ್ಳುತ್ತದೆ. ಇದನ್ನು ಬರೆದವನು ಹೊಲವನ್ನು ಬಲ್ಲವನು. ಓದುವವನೂ ಹೊಲವನ್ನು ಬಲ್ಲವನೇ. ನಡುವಿನ ಪದವೊಂದು ಅವರಿಬ್ಬರನ್ನು ಅಗಲಿಸುತ್ತಿದೆ.

ಪಾಠವನ್ನು ತಿದ್ದಬೇಕೆಂದು ನಾನು ಹೇಳುವುದಿಲ್ಲ. ತಲೆಮಾರುಗಳ ನಾಲಗೆಯಲ್ಲಿ ನಿಂತ ಗ್ರಂಥದ ಮಾತನ್ನು ಒಂದು ಸೀಮೆಯ ಸಲುವಾಗಿ ಬದಲಿಸುವುದು ಸಾಧುವಲ್ಲ. ಮೈಸೂರಿನ ಓದುಗನಿಗೆ ಸದಕವೆಂದರೆ ಏನೂ ತಿಳಿಯದು. ಆದರೆ ಪುಟದ ಅಡಿಯಲ್ಲಿ ಒಂದು ಟಿಪ್ಪಣಿಗೆ ಜಾಗವಿದ್ದೇ ಇರುತ್ತದೆ. ಕುಸ್ಸೆಮೆತ್ ಬಂದ ಮೂರು ಕಡೆ ‘ಸಿಪ್ಪೆ ಬಿಡದ ಗೋದಿ, ಬೆಳಗಾವಿ ಸೀಮೆಯ ಸದಕ’ ಎಂಬಷ್ಟನ್ನು ಅಚ್ಚಿಸಿದರೆ ಸಾಕು. ಲೋಕದ ಬಹುಪಾಲು ಭಾಷೆಗಳಿಗೆ ಈ ಕಾಳಿಗೆ ಸ್ವಂತ ಹೆಸರಿಲ್ಲ, ಎರವಲು ತರಬೇಕು. ನಮಗೆ ಇದೆ, ಇದ್ದೂ ಬಳಸಲಿಲ್ಲವೆಂದರೆ ಅದು ಔದಾಸೀನ್ಯ.

ಇದನ್ನು ಬೇಗ ಮಾಡಬೇಕೆನ್ನಲು ಕಾರಣವುಂಟು. ಹೀಬ್ರೂ ಭಾಷೆಯಲ್ಲಿಯೇ ಈ ಪದದ ಗತಿ ಏನಾಯಿತು ನೋಡಿ. ಎರಡನೆಯ ಶತಮಾನದ ಅಂತ್ಯಭಾಗದಲ್ಲಿ ರೂಪುಗೊಂಡ ಮಿಶ್ನಾ ಎಂಬ ಧರ್ಮಸಂಹಿತೆಯಲ್ಲಿ ಪಸ್ಕಹಬ್ಬದ ಹುಳಿಯಿಲ್ಲದ ರೊಟ್ಟಿಗೆ ಒದಗುವ ಐದು ಧಾನ್ಯಗಳನ್ನು ಹೇಳಿದೆ, ‘ಕುಸ್ಮೀನ್’ ಅವುಗಳಲ್ಲೊಂದು. ಅಂದರೆ ಆ ಕಾಳು ಯಾವುದೆಂಬುದು ಪಂಡಿತರ ಕುತೂಹಲವಷ್ಟೇ ಅಲ್ಲ, ಭಕ್ತನ ಮನೆಯ ಅಡುಗೆಯ ಪ್ರಶ್ನೆ. ಬೆಳೆ ಕಣ್ಮರೆಯಾದ ಮೇಲೆ ಹೆಸರು ಅನಾಥವಾಯಿತು. ಇಂದು ಇಸ್ರೇಲಿನ ಅಂಗಡಿಯಲ್ಲಿ ‘ಕುಸ್ಸೆಮೆತ್’ ಎಂದು ಕೇಳಿದರೆ ಬಕ್‌ವೀಟ್ ಎಂಬ, ಗೋದಿಯ ಕುಲಕ್ಕೇ ಸೇರದ ಕಾಳನ್ನು ತೂಗಿ ಕೊಡುತ್ತಾರೆ. ಬಹುವಚನದ ‘ಕುಸ್ಮೀನ್’ ಸ್ಪೆಲ್ಟಿಗೆ ಅಂಟಿಕೊಂಡಿದೆ. ನಿಜವಾದ ಕುಸ್ಸೆಮೆತ್ತಿಗೆ ತನ್ನ ಹೆಸರೇ ಉಳಿದಿಲ್ಲ.

ಸದಕದ ಭಾಗ್ಯ ಇನ್ನೂ ಅಷ್ಟಕ್ಕೆ ಬಂದಿಲ್ಲ. ಒಂದು ಕಾಲಕ್ಕೆ ಇದಕ್ಕೆ ಅಂತರರಾಷ್ಟ್ರೀಯ ಖ್ಯಾತಿಯೇ ಇತ್ತು. ಅಮೆರಿಕದ ಸ್ಟಾಕ್‌ಮನ್ ಮತ್ತು ಲೆವೀನ್ 1922ರಲ್ಲಿ ಕಾಂಡದ ತುಕ್ಕುರೋಗದ ಪ್ರಭೇದಗಳನ್ನು ಗುರುತಿಸಲು ಆರಿಸಿಕೊಂಡ ಹನ್ನೆರಡು ಪರೀಕ್ಷಾಗೋದಿಗಳಲ್ಲಿ ಒಂದರ ಹೆಸರು ‘ಖಪಲಿ’. ಬೇರೆ ಗೋದಿಗಳು ಒರಗುವ ರೋಗಕ್ಕೆ ಇದು ಬಹುಮಟ್ಟಿಗೆ ಎದೆಗೊಟ್ಟು ನಿಲ್ಲುತ್ತಿತ್ತು. ಅದರ ದೋಷವೆಂದರೆ ಎತ್ತರ. ನೀರುಗೊಬ್ಬರ ಹೆಚ್ಚಾದರೆ ನೆಲಕ್ಕೆ ಮಲಗುತ್ತದೆ. ಇದನ್ನು ನಿವಾರಿಸಲು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಎಂಬ ಗಿಡ್ಡ ತಳಿಗಳನ್ನು ಹೊರತಂದರು. ಆದರೆ ಕಾಲುವೆಯ ನೀರಿಗೆ ಕಬ್ಬು ದೊಡ್ಡ ಹಕ್ಕುದಾರ. ಕುಟ್ಟುವ ಕೈಗಳೂ ಕಡಿಮೆಯಾಗಿ ಸಿಪ್ಪೆ ತೆಗೆಯುವ ಯಂತ್ರಗಳು ಬಂದಿವೆ. ಅದನ್ನು ಕುರಿತು ನನಗೆ ದುಃಖವಿಲ್ಲ, ಒನಕೆಯ ಹಾಡನ್ನು ಹೊಗಳುವವರು ಹೆಚ್ಚಾಗಿ ಒನಕೆ ಹಿಡಿಯದವರೇ. ನನ್ನ ಆತಂಕ ಹೆಸರಿನದು. ಪುಣೆ, ಬೆಂಗಳೂರುಗಳ ಅಂಗಡಿಗಳಲ್ಲಿ ಇದೇ ಗೋದಿ ಹೆಚ್ಚಿನ ಬೆಲೆಗೆ ‘ಎಮ್ಮರ್’ ಎಂದೋ ‘ಖಪಲಿ’ ಎಂದೋ ಚೀಟಿ ಹಚ್ಚಿಕೊಂಡು ಕುಳಿತಿರುತ್ತದೆ. ‘ಸದಕ’ ಎಂಬ ಮಾತು ಅಲ್ಲಿ ಕಾಣಿಸುವುದು ಅಪರೂಪ.

ಆದುದರಿಂದ ಬೈಬಲಿನ ಟಿಪ್ಪಣಿಯ ಜೊತೆಗೆ ಇನ್ನೊಂದು ಕೆಲಸವೂ ಆಗಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಾಲೇಜುಗಳಲ್ಲಿ ಕನ್ನಡ ಓದುವ ಹುಡುಗಹುಡುಗಿಯರು ತಮ್ಮ ಅಜ್ಜಿಯರ ಬಳಿ ಕುಳಿತು ಈ ಗೋದಿಯ ಸುತ್ತ ಇರುವ ಮಾತುಗಳನ್ನು ಬರೆದುಕೊಳ್ಳಲಿ: ತೆನೆಯ ತುಂಡಿಗೆ ಏನೆನ್ನುತ್ತಾರೆ, ಸಿಪ್ಪೆಗೆ ಏನು, ಮೊದಲ ಕುಟ್ಟಿಗೂ ಎರಡನೆಯ ಕುಟ್ಟಿಗೂ ಹೆಸರು ಬೇರೆಯೇ, ಯಾವ ಊರಿಗೆ ‘ಸದಕ’ ಮುಗಿದು ‘ಜವಿ’ ಮೊದಲಾಗುತ್ತದೆ, ಎಲ್ಲಿಂದ ‘ಖಪಲಿ’. ಈ ಮೂರು ಹೆಸರುಗಳ ಎಲ್ಲೆಗಳನ್ನು ಒಂದು ನಕ್ಷೆಯ ಮೇಲೆ ಗುರುತಿಸುವುದು ಒಂದು ಬೇಸಿಗೆಯ ರಜೆಯ ಕೆಲಸ, ಅಷ್ಟೆ.